ಮೊದಲು ಬಾಯಿ ಬಿಟ್ಟವರು

ನಿವೃತ್ತ ಫೋರ್‌ಮನ್ ಕಾಶಿನಾಥನೂ ಅವನ ಹೆಂಡತಿ ಗುರುದೇವಿಯೂ ಮಾತು ಬಿಟ್ಟು ಎರಡು ವಾರವಾಗಿತ್ತು. ಕಾರಣ ಇಷ್ಟೇ: ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನದಲ್ಲಿ, ಅವಳ ತವರಿನವರ ಎದುರಿಗೇ, ಅಂಗಡಿಯ ಹೋಳಿಗೆ ತಿಂದು ಆತ "ಹೋಳಿಗಿ ಅಂದ್ರ ಇದು" ಎಂದುಬಿಟ್ಟಿದ್ದ. ಅಂದಿನಿಂದ, ಮೊದಲು ಬಾಯಿ ಬಿಟ್ಟವರು ಸೋತಂತೆ ಎಂದು ಇಬ್ಬರೂ ಹಟ ಹಿಡಿದಿದ್ದರು. "ನಿಮ್ಮಪ್ಪಗ ಚಾ ಕೊಡು", "ನಿಮ್ಮವ್ವಗ ಬ್ಯಾಡನ್ನು" ಎಂಬ ಟಪಾಲು ಹೊತ್ತು ಮಗಳು ಸಂಪದಾಳಿಗೆ ತಲೆ ಚಿಟ್ಟು ಹಿಡಿಯಿತು. ಇಬ್ಬರನ್ನೂ ದಿಲ್‌ಸುಖ್‌ನಗರದಾಚೆಯ ಬುದ್ಧವಿಹಾರದಲ್ಲಿ ಒಂದು ರಾತ್ರಿಯ ಧ್ಯಾನಶಿಬಿರಕ್ಕೆ ಬಿಟ್ಟುಬಂದಳು.

"ಅಲ್ಲೇ ಸುಮ್ಮನ ಕುಂದರ್ರಿ. ನನಗೂ ಒಂದಿನ ಶಾಂತಿ ಸಿಗತೈತಿ."

ಕಾಶಿನಾಥನಿಗೆ ಒಳಗೊಳಗೇ ಖುಷಿ. ಮಾತಾಡದೆ ಇರುವುದರಲ್ಲಿ ತನ್ನನ್ನು ಮೀರಿಸುವವರುಂಟೇ! ಆದರೆ ವಿಹಾರದಲ್ಲಿ ಶಿಬಿರದವರು ಯಾರೂ ಮಾತಾಡುವಂತಿರಲಿಲ್ಲ. ತಾನು ಸಿಟ್ಟಿನಿಂದ ಸುಮ್ಮನಿದ್ದೇನೆಂದು ಒಬ್ಬರಿಗೂ ತಿಳಿಯದೆ, ಇಷ್ಟು ದಿನದ ತಪಸ್ಸೆಲ್ಲ ನೀರುಪಾಲಾಯಿತು.

ಬೆಳಗಿನ ಧ್ಯಾನದಲ್ಲಿ, ನಿಮ್ಮ ನಿಮ್ಮ ಉಸಿರನ್ನು ಗಮನಿಸಿ ಎಂದರು ವಿಹಾರದ ಭಿಕ್ಷು ಭಂತೇಜಿ. ಕಾಶಿನಾಥ ಅರೆಗಣ್ಣಲ್ಲಿ ಹೆಂಡತಿಯನ್ನು ಗಮನಿಸಿದ. ಎದುರು ಸಾಲಿನಲ್ಲಿ ಅವಳು ಮಿಸುಕಾಡದೆ ಕೂತಿದ್ದಳು. ಗಂಟೆ ಹೊಡೆಯಿತು, ಎಲ್ಲರೂ ಸೊಂಟ ಹಿಡಿದುಕೊಂಡು ಎದ್ದರು. ಗುರುದೇವಿ ಏಳಲಿಲ್ಲ. ಧ್ಯಾನವೆಂದರೆ ಹೀಗಿರಬೇಕು ಎಂಬಂತೆ ಭಂತೇಜಿ ಅವಳತ್ತ ಕೈ ತೋರಿಸಿದರು. ಶಿಬಿರದವರೆಲ್ಲ ಕೈ ಮುಗಿದರು.

ಕಾಶಿನಾಥನಿಗೆ ಮೊದಲು ಹೊಟ್ಟೆ ಉರಿಯಿತು. ಆಮೇಲೆ ಎದೆ ಧಸಕ್ಕೆಂದಿತು. ಬಿ.ಪಿ. ಇರುವ ಹೆಂಗಸು. ಮನೆಯಲ್ಲಿ ಒಂದು ಗಳಿಗೆ ಸುಮ್ಮನೆ ಕೂರದವಳು ಹೀಗೆ ಕಲ್ಲಾಗಿ ಕೂರುವುದೆಂದರೇನು? ಇವಳೇ ಇಲ್ಲವಾದರೆ ತಾನು ಯಾರ ಮೇಲೆ ಸಿಟ್ಟು ಮಾಡಲಿ? ಹಟ ಹಾಳಾಗಲಿ ಎಂದು ಅಡ್ಡ ಬಂದವರನ್ನು ತಳ್ಳಿಕೊಂಡು ಓಡಿದ.

"ಏ ಗುರುದೇವಿ! ಉಸಿರಾಡಾಕತ್ತೀಯಿಲ್ಲೋ? ನಂದs ತಪ್ಪಾತು, ಕಣ್ಣ ತಗಿ!"

ಅವಳು ಕಣ್ಣು ತೆರೆದಳು. ಕಾಶಿನಾಥನಿಗೆ ಹೋದ ಜೀವ ಬಂದಂತಾಯಿತು.

"ಆಗಿಂದ ಮೊಣಕಾಲು ಹಿಡಕೊಂಡೈತ್ರಿ," ಎಂದಳು ಗುರುದೇವಿ, ಹಲ್ಲು ಕಚ್ಚಿಕೊಂಡು. "ಏಳಾಕs ಬರವಲ್ದು."

"ಮತ್ತ ನನ್ನ ಕರೀಲಿಲ್ಲ ಯಾಕ?"

"ಕರದಿದ್ರ ನಾನs ಮೊದ್ಲ ಮಾತಾಡಿದಂಗ ಆಕ್ಕಿತ್ತಲ್ರಿ. ಹೂಂ, ಈಗ ಎಬ್ಬಸ್ರಿ."