ಅಕಾಲದ ಬೆದೆ

ಬಡಗಿಯ ಮನೆಯಲ್ಲಿ ಇದ್ದದ್ದು ಮೂರೇ ಜೀವ: ಅವನು, ಅವನ ಅಕ್ಕ, ಚಕ್ಕೆ ಎಂಬ ಹೆಣ್ಣುನಾಯಿ. ಮುಂದೆ ಕೆಲಸದ ಶೆಡ್ಡು, ಹಿಂದೆ ಎರಡು ಕೋಣೆ. ಅವನು ಮದುವೆಯ ಗೋಜಿಗೇ ಹೋದವನಲ್ಲ. ಅಕ್ಕ ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ತಮ್ಮನ ಮನೆ ಸೇರಿದವಳು. ಅವನು ಕೊಯ್ದು ಕೂಡಿಸಿದ ಮೇಜು ಕುರ್ಚಿಗಳಿಗೆ ಹಿಂದಿನ ಕೋಣೆಯಲ್ಲಿ ಕೂತು ಪಾಲಿಶ್ ಹಚ್ಚುವುದು ಅವಳ ಪಾಲಿನ ಕೆಲಸ. ನಾಯಿಯ ಬಣ್ಣ ಉಜ್ಜುಗೊರಡಿನಿಂದ ಆಗತಾನೆ ಸುರುಳಿಬಿಟ್ಟ ಮರದ ಚಕ್ಕೆಯದು. ಮರಿಯಾಗಿದ್ದಾಗ ಮಲಗುತ್ತಿದ್ದುದೂ ಆ ಚಕ್ಕೆಗಳ ರಾಶಿಯ ಮೇಲೇ. ಹಾಗಾಗಿ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ.

ಅಕ್ಕ ತಮ್ಮ ಇಬ್ಬರಿಗೂ ಮಾತು ಕಡಿಮೆ. ಮೈಗೆ ಸಂಬಂಧಿಸಿದ ಮಾತಂತೂ ಇಲ್ಲವೇ ಇಲ್ಲ. ಚಕ್ಕೆ ಮೊದಲ ಸಲ ಬೆದೆಗೆ ಬಂದಾಗ ಅಕ್ಕ ಅವನ ಮುಖ ನೋಡದೆ, ಇವತ್ತಿನಿಂದ ಚಕ್ಕೆಗೆ ರಜೆ, ಹೊರಗೆ ಬಿಡಬೇಡ ಎಂದಿದ್ದಳು. ಅಂದಿನಿಂದ ಆ ಮನೆಯಲ್ಲಿ ಬೆದೆಯ ಹೆಸರು ರಜೆ ಎಂದೇ ಆಯಿತು. ವರ್ಷಕ್ಕೆ ಎರಡು ಸಲ ಬರುತ್ತಿತ್ತು, ಬಂದಂತೆ ಹೋಗುತ್ತಿತ್ತು. ಅಷ್ಟು ದಿನ ಅಕ್ಕ ಹಳೆ ಬೆಡ್‌ಶೀಟು ಹರಿದು ನಾಯಿಗೆ ಚಡ್ಡಿಯಂತೆ ಕಟ್ಟುತ್ತಿದ್ದಳು, ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದಳು. ತಮ್ಮ ಬೆಳಿಗ್ಗೆ ಸಂಜೆ ಸರಪಳಿ ಕೈಗೆ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ಬೀದಿಯ ಗಂಡುನಾಯಿಗಳನ್ನು ಗದರಿಸುತ್ತ ಅದನ್ನು ಸುತ್ತಾಡಿಸಿಕೊಂಡು ಬರುತ್ತಿದ್ದ. ನಾಲ್ಕೈದು ವರ್ಷ ಹೀಗೇ ಸುಸೂತ್ರವಾಗಿ ನಡೆಯಿತು.

ಆಮೇಲೆ ಲೆಕ್ಕ ತಪ್ಪಿತು. ಒಂದು ವರ್ಷವಿಡೀ ಬೆದೆಯ ಸುಳಿವೇ ಇಲ್ಲ. ಪೀಡೆ ಕಳೆಯಿತು ಅಂದುಕೊಳ್ಳುವಷ್ಟರಲ್ಲಿ ಬಂತು. ಮುಗಿಯಿತೆಂದು ಬಟ್ಟೆ ಎತ್ತಿಟ್ಟರೆ, ಗಂಡುನಾಯಿಗಳು ದಾರಿ ಮರೆಯುವ ಮುಂಚೆಯೇ ಮತ್ತೆ ಬಂತು. ಈ ಸಲದ್ದು ನಿಲ್ಲುವ ಲಕ್ಷಣವೇ ಕಾಣಲಿಲ್ಲ. ಚಕ್ಕೆ ಹೋದಲ್ಲೆಲ್ಲ ಸಿಮೆಂಟು ನೆಲದ ಮೇಲೆ ತೆಳು ಕೆಂಪು ಹನಿ. ಶೆಡ್ಡಿನ ಬಾಗಿಲಲ್ಲಿ ನಾಯಿಗಳು ಬೀಡುಬಿಟ್ಟವು. ಬಂದ ಗಿರಾಕಿ ಅವುಗಳನ್ನು ನೋಡಿ ಆಚೆ ಕಡೆಯಿಂದಲೇ ಕೂಗಿ ಮಾತಾಡಿಸಿ ಹೋಗುವಂತಾಯಿತು.

ಎದುರಿನ ಗ್ಯಾರೇಜಿನವನು ದಾರಿ ಹೇಳಿಕೊಟ್ಟ. ಬೆದೆ ನಿಲ್ಲಿಸುವ ಇಂಜೆಕ್ಷನ್ ಇದೆ, ಒಂದು ಚುಚ್ಚಿಸಿಬಿಟ್ಟರೆ ತಂಟೆಯೇ ಇಲ್ಲ ಎಂದ. ಅವನು ಹೇಳಿದ್ದರಲ್ಲಿ ಬಡಗಿಗೆ ಹಿಡಿಸಿದ್ದು ಒಂದೇ: ಹೆಚ್ಚು ಮಾತಾಡದೆ ಮುಗಿಯುವ ಕೆಲಸ. ಅದಕ್ಕೇ ಮರುದಿನ ಚಕ್ಕೆಯನ್ನು ಕರೆದುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದ.

ಅಲ್ಲಿದ್ದದ್ದು ಡಾಕ್ಟರಮ್ಮ. ಅವನಿಗೆ ಮಗಳಾಗಬಹುದಾದ ವಯಸ್ಸು.  ಬಡಗಿ ಗೋಡೆಯ ಕಡೆ ನೋಡುತ್ತ, ಇವಳಿಗೆ ರಜೆ ಜಾಸ್ತಿ ಆಗಿದೆ, ಇಂಜೆಕ್ಷನ್ ಬೇಕು ಎಂದ. ಬೆಂಚಿನ ಮೇಲೆ ಬೆಕ್ಕು ಹಿಡಿದು ಕೂತಿದ್ದ ಹೆಂಗಸು ಬೆಕ್ಕಿನ ಹಿಂದೆ ಮುಖ ಮುಚ್ಚಿಕೊಂಡಳು. ಡಾಕ್ಟರಮ್ಮ ನಗಲಿಲ್ಲ.

"ಬೆದೆ ಅಂತ ಹೇಳಿ. ಹೆಸರು ಹೇಳೋಕೆ ನಾಚಿಕೊಂಡು ಕೂತ್ರೆ ನಾನು ಯಾವುದಕ್ಕೆ ಅಂತ ಔಷಧಿ ಕೊಡ್ಲಿ?"

ಅವಳು ಕೈಗವಸು ಹಾಕಿಕೊಂಡು ಒಂದೊಂದಾಗಿ ಕೇಳತೊಡಗಿದಳು. ಹಿಂದಿನದು ಯಾವಾಗ ಬಂದಿತ್ತು? ಎಷ್ಟು ದಿನ ಇತ್ತು? ರಕ್ತದ ಬಣ್ಣ ಹೇಗಿದೆ, ವಾಸನೆ ಇದೆಯೇ? ನೀರು ಜಾಸ್ತಿ ಕುಡಿಯುತ್ತಾಳೆಯೇ? ಬಡಗಿಗೆ ಒಂದೂ ಗೊತ್ತಿರಲಿಲ್ಲ. ಬಟ್ಟೆ ಒಗೆಯುವವಳು ಅಕ್ಕ. ಫೋನ್ ಮಾಡಿ ಕೇಳಿ ಎಂದಳು ಡಾಕ್ಟರಮ್ಮ. ಅವನು ಮೂಲೆಗೆ ಹೋಗಿ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದ.  ಆ ಕಡೆಯಿಂದ ಅಕ್ಕ ಪಾಠ ಒಪ್ಪಿಸುವವಳಂತೆ ಎಲ್ಲ ಹೇಳಿ ಫೋನ್ ಇಟ್ಟಳು. ಅವನು ಅದನ್ನೇ ಡಾಕ್ಟರಮ್ಮನಿಗೆ ಒಪ್ಪಿಸಿದ. ಅಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಹೊಟ್ಟೆಯ ಸ್ಕ್ಯಾನಿಂಗ್ ಆಯಿತು. ಚಕ್ಕೆಯ ಅಂಡಾಶಯದಲ್ಲಿ ನೀರುಗುಳ್ಳೆಗಳಿದ್ದವು. ಬೆದೆ ಹೊತ್ತಲ್ಲದ ಹೊತ್ತಿಗೆ ಬರುವುದಕ್ಕೂ ನಿಲ್ಲದಿರುವುದಕ್ಕೂ ಅವೇ ಕಾರಣ ಎಂದಳು ಡಾಕ್ಟರಮ್ಮ. ಗರ್ಭಕೋಶದ ಗೋಡೆಯೂ ದಪ್ಪವಾಗಿತ್ತು. ಇಂಥ ಹೊತ್ತಿನಲ್ಲಿ ಬೆದೆ ನಿಲ್ಲಿಸುವ ಇಂಜೆಕ್ಷನ್ ಕೊಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಸಂಚಕಾರ. ಆದ್ದರಿಂದ ಆ ಆಸೆ ಬಿಡಿ. ಅಂಡಾಶಯ, ಗರ್ಭಕೋಶ ಎರಡನ್ನೂ ತೆಗೆಯುವುದೇ ಸರಿಯಾದ ದಾರಿ. ಆದರೆ ಬೆದೆಯಲ್ಲಿರುವಾಗ ಒಳಗಿನ ರಕ್ತನಾಳಗಳು ಉಬ್ಬಿರುತ್ತವೆ, ಕೊಯ್ದರೆ ರಕ್ತ ಹೆಚ್ಚು ಹೋಗುತ್ತದೆ. ಇದು ಇಳಿದ ಮೇಲೆ ಮಾಡೋಣ. ಅಲ್ಲಿಯವರೆಗೆ ಗಂಡುನಾಯಿ ಹತ್ತಿರ ಸುಳಿಯಬಾರದು, ಬಟ್ಟೆ ಒದ್ದೆಯಾದಂತೆಲ್ಲ ಬದಲಿಸಬೇಕು. ಊಟ ಬಿಟ್ಟರೆ, ಮಿತಿಮೀರಿ ನೀರು ಕುಡಿದರೆ, ಮಂಕಾದರೆ, ನಾಳೆ ನೋಡೋಣ ಎನ್ನದೆ ತಕ್ಷಣ ಕರೆತರಬೇಕು.

ಮನೆಗೆ ಬಂದು ಹೇಳಿದಾಗ ಅಕ್ಕ ಸಿಡುಕಿದಳು. "ವಯಸ್ಸಾಗ್ತಾ ಬಂದ್ರೆ ಹೀಗೆಲ್ಲ ಏರುಪೇರು ಇದ್ದದ್ದೇ. ತಾನಾಗೇ ನಿಲ್ಲುತ್ತೆ. ಅಷ್ಟಕ್ಕೆಲ್ಲ ಹೊಟ್ಟೆ ಕೊಯ್ತಾರಾ?"

ನಾಯಿಗೆ ಹಾಗೆ ತಾನಾಗಿ ನಿಲ್ಲುವುದಿಲ್ಲವಂತೆ, ಸಾಯುವ ತನಕ ಇರುತ್ತದಂತೆ ಎಂದ ಅವನು. ಅವಳು ಬ್ರಶ್ಶು ಡಬ್ಬದಲ್ಲಿ ಅದ್ದಿ ಕುರ್ಚಿಯತ್ತ ತಿರುಗಿದಳು. ಅಕ್ಕ ಸಿಟ್ಟಾಗುವುದೇ ಅಪರೂಪ. ಆದರೂ ಅವನು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕೆಲವು ದಿನಕ್ಕೆ ರಕ್ತ ನಿಂತಿತು. ಗಂಡುನಾಯಿಗಳೂ ಜಾಗ ಖಾಲಿ ಮಾಡಿದವು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಈಗ ಬೇಕೇ ಎಂದು ಅವನಿಗೂ ಅನ್ನಿಸತೊಡಗಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಚಕ್ಕೆ ಬಟ್ಟಲಿನ ನೀರೆಲ್ಲ ಕುಡಿದು, ಬಕೆಟ್ಟಿಗೆ ಬಾಯಿ ಹಾಕಿ, ಹಾಕಿದ ಊಟವನ್ನು ಮೂಸಿಯೂ ನೋಡದೆ ಮೂಲೆ ಸೇರಿತು. ಸೆಖೆಗೆ ಹಾಗೆ ಎಂದಳು ಅಕ್ಕ. ಅವನು ನಾಯಿಯ ಹೊಟ್ಟೆ ಮುಟ್ಟಿದ. ಬಿಗಿಯಾಗಿತ್ತು. ಗಿರಾಕಿಗೆ ಮುಟ್ಟಿಸಬೇಕಾದ ಬೀರುವನ್ನು ಗಾಡಿಯಿಂದ ಕೆಳಗಿಳಿಸಿ ಆ ಜಾಗದಲ್ಲಿ ಚಕ್ಕೆಯನ್ನು ಮಲಗಿಸಿಕೊಂಡು ಹೋದ.

ಅವತ್ತೇ ಆಪರೇಷನ್ ಆಯಿತು. ಬಡಗಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ. ಬೆಂಚಿನ ಒಂದು ಕಾಲು ಅಲ್ಲಾಡುತ್ತಿತ್ತು. ಬೇರೆ ದಿನವಾಗಿದ್ದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಡಾಕ್ಟರಮ್ಮ ಹೊರಬಂದು, ಬದುಕುತ್ತಾಳೆ ಎಂದಳು. ಗರ್ಭಕೋಶದ ತುಂಬ ಕೀವಿತ್ತು.

"ರಕ್ತ ನಿಂತಿತ್ತಲ್ಲ ಡಾಕ್ಟರಮ್ಮ. ವಾಸಿ ಆಯ್ತು ಅಂದ್ಕೊಂಡೆ."

"ಗರ್ಭಕೋಶದ ಬಾಯಿ ಮುಚ್ಚಿಕೊಂಡಿತ್ತು, ಅಷ್ಟೆ. ಹೊರಗೆ ಬರಬೇಕಾದ್ದು ಒಳಗೇ ತುಂಬಿಕೊಳ್ತಾ ಇತ್ತು. ನೀವು ನೀರಿನ ಬಟ್ಟಲು ನೋಡಿದ್ದು ಒಳ್ಳೇದಾಯ್ತು."

ಚಕ್ಕೆ ಮನೆಗೆ ಬಂದಾಗ ಹೊಲಿಗೆ ನೆಕ್ಕದಂತೆ ಅದರ ಕೊರಳಿಗೆ ಪ್ಲಾಸ್ಟಿಕ್ಕಿನ ಆಲಿಕೆಯಂಥ ಪಟ್ಟಿ ಹಾಕಿದ್ದರು. ನಾಯಿಯನ್ನು ಕಾಯಲೆಂದು ಬಡಗಿ ಶೆಡ್ಡು ಬಿಟ್ಟು ಹಿಂದಿನ ಕೋಣೆಯಲ್ಲೇ ಸಣ್ಣಪುಟ್ಟ ಕೆಲಸ ಹಚ್ಚಿಕೊಂಡ. ಅಲ್ಲಿದ್ದುಕೊಂಡು ನೋಡಿದಾಗ ಅವನಿಗೆ ಬೇರೆಯದೂ ಕಾಣತೊಡಗಿತು. ಅಕ್ಕ ಒಂದು ಕುರ್ಚಿಗೆ ಪಾಲಿಶ್ ಹಚ್ಚಿ ಮುಗಿಸುವಷ್ಟರಲ್ಲಿ ಎರಡು ಸಲ ಗೋಡೆಗೆ ಒರಗುತ್ತಿದ್ದಳು. ತುಟಿ ಬಿಳಿಚಿತ್ತು. ಹಿತ್ತಲ ತಂತಿಯ ಮೇಲೆ ಹರಿದ ಬೆಡ್‌ಶೀಟಿನ ಚೂರುಗಳು ದಿನವೂ ಒಣಗುತ್ತಿದ್ದವು. ನಾಯಿಗೆ ಇನ್ನು ಆ ಬಟ್ಟೆ ಬೇಕಾಗಿರಲಿಲ್ಲ.

ಆ ಮಧ್ಯಾಹ್ನವೆಲ್ಲ ಅವನು ಒಂದೇ ಹಲಗೆಯನ್ನು ಉಜ್ಜುತ್ತ ಕೂತ. ಹಲಗೆ ಕೆಲಸಕ್ಕೆ ಬಾರದಷ್ಟು ತೆಳುವಾದಾಗ ಉಜ್ಜುಗೊರಡು ಕೆಳಗಿಟ್ಟು ಕೇಳಿದ.

"ಅಕ್ಕಾ, ನಿಂಗೆ ಯಾವಾಗಿಂದ ಹೀಗೆ?"

"ಹೇಗೆ?"

"ರಕ್ತ ಹೋಗ್ತಿರೋದು."

ಅಕ್ಕನ ಕೈಯಲ್ಲಿದ್ದ ಬ್ರಶ್ಶು ನಿಂತಿತು. "ನಾಯಿ ಡಾಕ್ಟರ ಹತ್ರ ನಾಲ್ಕು ಅಕ್ಷರ ಕಲಿತು ಬಂದು ನನ್ನ ಮೇಲೆ ಪ್ರಯೋಗ ಮಾಡ್ತೀಯಾ?"

"ಹೌದು. ನಂಗೆ ಗೊತ್ತಿರೋದು ಅಷ್ಟೇ."

ಡಾಕ್ಟರಮ್ಮ ಕೇಳಿದ್ದನ್ನೇ ಅದೇ ಸಾಲಾಗಿ ಕೇಳಿದ. ಬೇರೆ ರೀತಿ ಕೇಳಲು ಅವನಿಗೆ ಬರುತ್ತಿರಲಿಲ್ಲ. ಹಿಂದಿನದು ಯಾವಾಗ ಎಂದಾಗ ಅವಳು ರೇಗಿದಳು. ಎಷ್ಟು ದಿನ ಇತ್ತು ಎಂದಾಗ ಗೋಡೆಯ ಕಡೆ ತಿರುಗಿದಳು. ಬಣ್ಣ ಕೇಳಿದಾಗ ಮಾತ್ರ ಉತ್ತರ ಬಂತು, ಆಮೇಲೆ ಉಳಿದದ್ದೆಲ್ಲ ತಾನಾಗಿ ಬಂತು. ನಿಲ್ಲುವ ವಯಸ್ಸು, ಅದಕ್ಕೇ ಹೀಗೆ ಅಂದುಕೊಂಡು ವರ್ಷದ ಮೇಲಾಗಿತ್ತು. ಯಾರಿಗೆ ಹೇಳುವುದು? ಅಮ್ಮ ಇದ್ದಿದ್ದರೆ ಅವಳಿಗೆ ಹೇಳಬಹುದಿತ್ತು. ಗಂಡಸಾದ ತಮ್ಮನಿಗೆ ಏನಂತ ಹೇಳುವುದು ಎಂದಳು. ಹೇಳಿ ಮುಗಿಸಿ ಮೂಗು ಒರೆಸಿಕೊಂಡಾಗ ಮುಖಕ್ಕೆಲ್ಲ ಪಾಲಿಶ್ ಮೆತ್ತಿತು. ಅವನು ಒರೆಸಿಕೊಳ್ಳಲು ಬಟ್ಟೆ ಕೊಟ್ಟ.

ಮರುದಿನ ಹೆಂಗಸರ ಡಾಕ್ಟರ ಹತ್ತಿರ ಕರೆದೊಯ್ದ. ಒಳಗೆ ಕರೆದಾಗ, ನೀನು ಹೊರಗಿರು ಎಂದಳು ಅಕ್ಕ. ಅವನು ಹೊರಗಿದ್ದ. ಗರ್ಭಕೋಶದಲ್ಲಿ ಗೆಡ್ಡೆಯಿತ್ತು. ಪರೀಕ್ಷೆಗೆ ಕಳಿಸಿದ್ದರ ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ, ಚಕ್ಕೆಯೊಂದನ್ನು ಬಿಟ್ಟು. ಕ್ಯಾನ್ಸರ್ ಅಲ್ಲ ಎಂದು ಗೊತ್ತಾಯಿತು. ಮೈಯಲ್ಲಿ ರಕ್ತ ತೀರಾ ಇಳಿದಿದ್ದರಿಂದ ಮೊದಲು ಅದಕ್ಕೆ ಔಷಧಿ, ಆಮೇಲೆ ಆಪರೇಷನ್.

ಅಕ್ಕ ಆಸ್ಪತ್ರೆಯಿಂದ ಬಂದ ಮೇಲೆ ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಪಾಲಿಶ್ ಕೆಲಸವೂ ಬಡಗಿಯ ತಲೆಗೇ ಬಂತು. ಅವನು ಹಚ್ಚಿದ ಬೀರು ಗಿರಾಕಿಯ ಮನೆಗೆ ಹೋಗಿ, ಗೀಟು ಗೀಟಾಗಿದೆ ಎಂಬ ದೂರು ಹೊತ್ತು ವಾಪಸ್ಸು ಬಂತು. ಅಕ್ಕ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಮುಖಕ್ಕೆ ಬಣ್ಣ ಮರಳುತ್ತಿತ್ತು. ಬೀರುವನ್ನು ಮೇಲಿಂದ ಕೆಳಗೆ ನೋಡಿ, ಇದನ್ನು ಬ್ರಶ್ಶಿನಲ್ಲಿ ಹಚ್ಚಿದ್ದೋ ಪೊರಕೆಯಲ್ಲೋ ಎಂದು ಕೇಳಿದಳು.

"ಎಲ್ಲ ಉಜ್ಜಿ ತೆಗಿ. ಮರದ ಎಳೆ ಯಾವ ಕಡೆ ಓಡಿದೆಯೋ ಆ ಕಡೆಗೇ ಕೈ ಹೋಗಬೇಕು."

ಅವನು ಸ್ಯಾಂಡ್‌ಪೇಪರ್ ತೆಗೆದುಕೊಂಡು ಮೊದಲಿಂದ ಶುರುಮಾಡಿದ.