ಸಾಲಿನ ಕೊನೆಯವಳು

ಆ ದ್ವೀಪದ ಊರಿನಲ್ಲಿ ಒಂದೇ ಹೆಸರಿನ ಗಂಡಸರು ಮೂವರಿದ್ದರು. ಹಿರಿಮಗನಿಗೆ ತಾತನ ಹೆಸರೇ ಆಗಬೇಕೆಂಬುದು ಅಲ್ಲಿಯ ಕಟ್ಟಳೆ. ತಾತ ಯಾಕೂಮಿಸ್ ವರ್ದಾಸನಿಗೆ ಮೂವರು ಗಂಡುಮಕ್ಕಳು. ಹಾಗಾಗಿ ಮೊಮ್ಮಕ್ಕಳಲ್ಲಿ ಮೂವರು ಯಾಕೂಮಿಸ್ ವರ್ದಾಸರು. ಹಿರಿಯವನು ಇಗರ್ಜಿಯಲ್ಲಿ ಸ್ತೋತ್ರ ಹಾಡುವವನು, ನಡುವಿನವನದು ಕಾಫಿ ಅಂಗಡಿ, ಕಿರಿಯವನು ಮೀನು ಹಿಡಿಯುವವನು. ಬಾಯಲ್ಲಿ ಕರೆಯುವಾಗ ಏನೂ ತೊಡಕಿರಲಿಲ್ಲ. ಒಬ್ಬ ಗೂಬೆ, ಒಬ್ಬ ಹುಳಿಮೊಸರು, ಒಬ್ಬ ಗೊರಕೆ. ಆದರೆ ತನ್ನ ಅಡ್ಡಹೆಸರನ್ನು ತಾನೇ ಬರೆದುಕೊಳ್ಳುವವನು ಯಾವ ಊರಿನಲ್ಲಿದ್ದಾನೆ?

ಈ ತೊಡಕು ಮೊದಲು ತಾಕಿದ್ದು ಅಸಿಮೀನಾಳಿಗೆ. ಆಕೆ ಮೀನುಗಾರ ಯಾಕೂಮಿಸನ ಹೆಂಡತಿ, ಆಚೆ ದ್ವೀಪದಿಂದ ಬಂದ ಸೊಸೆ, ಕಂಪ್ಯೂಟರ್ ಕೆಲಸ ಬಲ್ಲವಳು. ಊರಿನ ಹಳೆಯ ಕಥೆ, ಹಳೆಯ ಫೋಟೋಗಳನ್ನೆಲ್ಲ ಇಡಲು ಒಂದು ಬ್ಲಾಗ್ ಕಟ್ಟಿಕೊಡೆಂದು ಪಾದ್ರಿಗಳು ಕೇಳಿದಾಗ ಚಳಿಗಾಲವಿಡೀ ಕೂತು ಕಟ್ಟಿದಳು. ಯಾರು ಬೇಕಾದರೂ ಖಾತೆ ತೆರೆಯಬಹುದು, ಕಮೆಂಟ್ ಹಾಕಬಹುದು. ಆದರೆ ಹೆಸರಿಟ್ಟ ದಿನದ ಪೂರ್ತಿ ಹೆಸರಿನಲ್ಲೇ. ಮುಖ ಮುಚ್ಚಿಕೊಂಡು ಬೈಯುವ ಹಾಗಿಲ್ಲ. ಮೂವರು ಯಾಕೂಮಿಸರೂ ಖಾತೆ ತೆರೆದರು. ಗುರುತಿಗಿರಲೆಂದು, ಖಾತೆ ತೆರೆದ ಸರದಿಯಂತೆ, ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಹಾಕಿದಳು. ಕಾಫಿ ಅಂಗಡಿಯವನು ಮಾರನೆಯ ದಿನವೇ ಬಾಗಿಲಲ್ಲಿ ನಿಂತಿದ್ದ.

"ಏನಮ್ಮಾ ಸೊಸೆ, ನಿನ್ ಗಂಡ ಎರಡು, ನಾನು ಮೂರಾ? ಅವನು ತೊಟ್ಟಿಲಲ್ಲಿ ಉಚ್ಚೆ ಹುಯ್ಯೋವಾಗ ನಾನು ಮೀಸೆ ತಿರುವ್ತಿದ್ದೆ!"

ಅಂಕಿಗಳನ್ನು ಕಿತ್ತುಹಾಕಿದಳು. ಅಲ್ಲಿಂದ ಮುಂದೆ ಯಾವ ಯಾಕೂಮಿಸ್ ಯಾರು ಎಂಬುದು ಬ್ಲಾಗ್ ನಡೆಸುವ ಅವಳ ಕಣ್ಣಿಗೆ ಮಾತ್ರ ಕಾಣತೊಡಗಿತು. ಪಾದ್ರಿಗಳು ಅವಳನ್ನು ದೇವಮಾತೆಯ ಪಟದ ಮುಂದೆ ಕರೆದೊಯ್ದರು. "ಜನ ನನಗೆ ಹೇಳ್ಕೊಂಡ ಪಾಪ ನನ್ನ ಕಿವೀಲೇ ಉಳಿಯುತ್ತೆ ಮಗಳೇ. ಇದು ನಿನ್ನ ಕಣ್ಣಲ್ಲೇ ಉಳೀಬೇಕು. ಪಟಕ್ಕೆ ಮುತ್ತಿಡು" ಎಂದರು. ಮುತ್ತಿಟ್ಟಳು. ಆ ಹೊತ್ತಿಗೆ ಆ ಆಣೆ ಹೂವಿನಷ್ಟು ಹಗುರವಾಗಿತ್ತು.

ಈಸ್ಟರ್ ಕಳೆದ ಮೇಲೆ ಇಪ್ಪತ್ತು ವರ್ಷದ ಹಿಂದಿನ ಒಂದು ಮದುವೆಯ ಫೋಟೋ ಹಾಕಿದಳು. ಇಗರ್ಜಿಯ ಅಂಗಳದಲ್ಲಿ ಕೈಗೆ ಕೈ ಕೊಟ್ಟು ಕುಣಿಯುವ ಹೆಂಗಸರ ಸಾಲು. ಸಂಜೆಯೊಳಗೆ ಅದರ ಕೆಳಗೊಂದು ಮಾತು ಬಂದು ಕೂತಿತು: "ಈ ಸಾಲಿನ ಕೊನೆಯವಳ ಹಾಗೆ ಕುಣಿಯುವವರನ್ನು ನಾನು ಮತ್ತೆ ಕಂಡಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಅದೇ." ಬರೆದವನ ಹೆಸರು ಯಾಕೂಮಿಸ್ ವರ್ದಾಸ್.

ಸಾಲಿನ ಕೊನೆಯಲ್ಲಿ ಕಂಡವಳು ಎರಸ್ಮಿಯಾ. ಆಗ ಹೊಸದಾಗಿ ಮದುವೆಯಾದವಳು, ಈಗ ವಿಧವೆ. ಕಪ್ಪು ಬಟ್ಟೆಯಲ್ಲಿ ನಡೆದು ಹೋದರೂ ಗಂಡಸರು ಮಾತು ನಿಲ್ಲಿಸುವಂಥ ಹೆಂಗಸು.

ಮರುದಿನ ಇಬ್ಬರು ಹೆಂಡತಿಯರು ಅಸಿಮೀನಾಳ ಅಡುಗೆಮನೆಗೆ ನುಗ್ಗಿ ಫೋನನ್ನು ಅವಳ ಮೂಗಿನ ಮುಂದೆ ಹಿಡಿದರು. ಕಾಫಿ ಅಂಗಡಿಯವನ ಹೆಂಡತಿ ಸ್ತಮಾತಿಯಾ, ಹಾಡುಗಾರನ ಹೆಂಡತಿ ಕಲಿರೋಯಿ.

"ನಮ್ ಗೂಬೆ ತಾನಲ್ಲ ಅಂತ ಆಣೆ ಹಾಕಿದೆ," ಎಂದಳು ಕಲಿರೋಯಿ. "ತಟ್ಟೇಲಿ ಬೀನ್ಸ್ ಇದ್ಯೋ ಕಲ್ಲಿದ್ಯೋ ನೋಡದೆ ತಿನ್ನೋನು, ಕುಣಿತ ನೋಡ್ತಾನಾ? ಆದ್ರೂ ಗಂಡಸು, ನಂಬೋದು ಹೆಂಗೆ? ಯಾವ ಯಾಕೂಮಿಸ್ ಅಂತ ಹೇಳ್ಬಿಡು."

"ಹೇಳೋ ಹಾಗಿಲ್ಲ ಅಕ್ಕಾ. ಪಟಕ್ಕೆ ಮುತ್ತಿಟ್ಟಿದೀನಿ."

"ಓಹೋ!" ಸ್ತಮಾತಿಯಾ ಸೊಂಟದ ಮೇಲೆ ಕೈಯಿಟ್ಟಳು. "ಹಂಗಾದ್ರೆ ನಿನ್ನೋನೇ ಬಿಡು. ಅದಕ್ಕೇ ಈಗ ಮುತ್ತು ನೆನಪಾಗಿದೆ!"

ಅಸಿಮೀನಾಳಿಗೆ ಗೊತ್ತಿತ್ತು. ಬರೆದದ್ದು ಹಾಡುಗಾರ ಭಾವ. ಭಾನುವಾರ ಭಾನುವಾರ ಹಣೆ ಬಗ್ಗಿಸಿ ದೇವರನ್ನು ಹಾಡುವವನು, ಹೆಂಡತಿಯ ಮುಂದೆ ಸುಳ್ಳು ಆಣೆ ಹಾಕಿದ್ದ. ಆ ಹೆಂಡತಿ ಈಗ ತನ್ನ ಎದುರೇ ನಿಂತು ಉಸಿರು ಹಿಡಿದು ನೋಡುತ್ತಿದ್ದಳು.

ಮಾತು ಬಂದರಿಗೆ ಇಳಿಯಲು ಎಷ್ಟು ಹೊತ್ತು? ಬಲೆ ಕೊಡವುವವರು ಅಸಿಮೀನಾಳ ಗಂಡನನ್ನು ಕಂಡರೆ ಸಾಕು, ಹೆಗಲು ಕುಣಿಸತೊಡಗಿದರು. ಅವನು ಮನೆಗೆ ಬಂದು ಕುರ್ಚಿಯನ್ನೂ ಎಳೆದುಕೊಳ್ಳದೆ ಕೇಳಿದ:

"ನಾನಲ್ಲ ಅಂತ ನಿಂಗೆ ಗೊತ್ತು ತಾನೆ?"

"ಗೊತ್ತು."

"ಮತ್ತೆ ಹೋಗಿ ಹೇಳು. ಯಾರು ಅಂತ ಬೇಡ, ನಾನಲ್ಲ ಅಂತ ಹೇಳು ಸಾಕು."

"ನೀನಲ್ಲ ಅಂದ್ರೆ, ನಾಳೆ ಇನ್ನೊಬ್ಬ ಬಂದು ನಾನೂ ಅಲ್ಲ ಅನ್ನು ಅಂತಾನೆ. ಆಮೇಲೆ ಉಳಿದೋನ ಕತ್ತಿಗೆ ಹಗ್ಗ ಹಾಕಿದ್ದು ಯಾರು? ನಾನೇ ಅಲ್ವಾ?"

"ಅವನ ಕತ್ತು ದೊಡ್ಡದು, ಗಂಡನ ಕತ್ತು ಸಣ್ಣದು! ಆಗ್ಲಿ ಬಿಡು." ಕಂಬಳಿಯನ್ನು ಕಂಕುಳಲ್ಲಿ ಅವುಚಿಕೊಂಡು ದೋಣಿಯಲ್ಲೇ ಮಲಗುತ್ತೇನೆಂದು ಹೊರಟುಹೋದ.

ಎರಸ್ಮಿಯಾ ಕಿಟಕಿ ಮುಚ್ಚಿದವಳು ತೆರೆಯಲಿಲ್ಲ; ಬ್ರೆಡ್ಡಿಗೂ ಹೊರಗೆ ಬರಲಿಲ್ಲ. ಕಲಿರೋಯಿ ದಿನವೂ ಬಂದು ಅಸಿಮೀನಾಳ ಅಡುಗೆಮನೆಯಲ್ಲಿ ಸುಮ್ಮನೆ ಕೂತು ಹೋಗುತ್ತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾಯಿ ತೆರೆದರೆ ಅವಳ ಮನೆ ಮುರಿಯುತ್ತದೆ, ಮುಚ್ಚಿದರೆ ತನ್ನ ಮನೆ. ಊರಿಗೆಲ್ಲ ಬಾಗಿಲಿಟ್ಟು ಕಟ್ಟಿದ ಮನೆಯಲ್ಲಿ ಅಸಿಮೀನಾ ತನಗೊಂದು ಬಾಗಿಲಿಡುವುದನ್ನು ಮರೆತಿದ್ದಳು.

ಆ ಕಮೆಂಟನ್ನೇ ಅಳಿಸಿಬಿಡೋಣ ಎಂದು ಶನಿವಾರ ಇಗರ್ಜಿಯ ಪಕ್ಕದ ಕೋಣೆಗೆ ಹೋದಳು. ಅವಳು ಬ್ಲಾಗ್ ಕಟ್ಟಿದ, ಪಾದ್ರಿಗಳ ದೊಡ್ಡ ಪರದೆಯ ಕಂಪ್ಯೂಟರ್ ಅಲ್ಲಿತ್ತು. ಹಾಡುಗಾರ ಭಾವ ಬರೆದದ್ದೂ ಅದರಲ್ಲೇ. ಫೋನು ಅವನ ದಪ್ಪ ಬೆರಳಿಗೆ ಒಗ್ಗದು. ಪುಟ ತೆರೆದಳು. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟವಳು ಅಲ್ಲೇ ನಿಂತಳು.

ಫೋಟೋದ ಸಾಲು ಎರಸ್ಮಿಯಾಳಲ್ಲಿ ಮುಗಿದಿರಲಿಲ್ಲ. ಅವಳ ಕೈ ಹಿಡಿದು ಇನ್ನೊಬ್ಬ ಹೆಂಗಸಿದ್ದಳು. ತಲೆಯ ಬಟ್ಟೆ ಜಾರಿದೆ, ಬಾಯಿ ತುಂಬ ನಗು, ಒಂದು ಕಾಲು ಬರಿಗಾಲು. ಕಲಿರೋಯಿ.

ಫೋನಿನ ಸಣ್ಣ ಪರದೆಯಲ್ಲಿ ಪುಟ ಅಚ್ಚುಕಟ್ಟಾಗಿ ಕಾಣಲೆಂದು, ಫೋಟೋದ ಎರಡೂ ಪಕ್ಕ ಕತ್ತರಿಸುವಂತೆ ಬ್ಲಾಗಿನ ಕೋಡ್ ಬರೆದವಳು ಅಸಿಮೀನಾಳೇ. ಊರೆಲ್ಲ ನೋಡಿದ್ದು ಫೋನಿನಲ್ಲಿ. ಹೊರಗಿನಿಂದ ಬಂದ ಅವಳಿಗೆ, ಕಟ್ಟುಗಟ್ಟಲೆ ಫೋಟೋ ಹಾಕುವಾಗ ಯಾರು ಎಲ್ಲಿ ನಿಂತಿದ್ದಾರೆಂಬ ಗಮನವಾದರೂ ಎಲ್ಲಿಂದ ಬರಬೇಕು? "ತಾಯೀ, ಕತ್ತರಿ ನನ್ನ ಕೈಲೇ ಇತ್ತಲ್ಲಾ" ಎಂದು ಶಿಲುಬೆಯ ಗುರುತು ಹಾಕಿಕೊಂಡಳು. ಕಮೆಂಟನ್ನು ಮುಟ್ಟಲಿಲ್ಲ. ತಾನು ಬರೆದ ಆ ಕತ್ತರಿಯನ್ನು ಮಾತ್ರ ತೆಗೆದಳು.

ಭಾನುವಾರ ಪೂಜೆ ಮುಗಿದು ಅಂಗಳದಲ್ಲಿ ಕಾಫಿ ಕುಡಿಯುವಾಗ ಸ್ತಮಾತಿಯಾ ಕಿರುಚಿದಳು. "ಅಯ್ಯೋ, ನೋಡ್ರೇ! ಕೊನೆಯೋಳು ಎರಸ್ಮಿಯಾ ಅಲ್ಲ, ಕಲಿರೋಯಿ!" ಫೋನು ಕೈಯಿಂದ ಕೈಗೆ ಹೋಯಿತು. ನಗು ಎದ್ದಿತು. ಅಸಿಮೀನಾಳ ಎದೆ ಹಗುರವಾಗುವಷ್ಟರಲ್ಲಿ ಸ್ತಮಾತಿಯಾಳ ಹುಬ್ಬು ಗಂಟಿಕ್ಕಿತು. "ತಡಿ ತಡಿ. ನನ್ ಗಂಡ ನಿನ್ ಕುಣಿತಾನಾ ನೋಡ್ತಿದ್ದಿದ್ದು?"

ನಗು ನಿಂತಿತು. ಕಲಿರೋಯಿಯ ಮುಖ ಸುಣ್ಣವಾಯಿತು. "ನಮ್ಮನೆಯೋನು ಆಣೆ ಹಾಕಿದಾನೆ ತಾನಲ್ಲ ಅಂತ," ಎಂದು ಅಸಿಮೀನಾಳತ್ತ ತಿರುಗಿದಳು. "ಹಂಗಾದ್ರೆ ನನ್ ಮೇಲೆ ಬರೆದೋನು ಯಾರೇ? ಈಗ್ಲಾದ್ರೂ ಬಾಯಿ ಬಿಡು. ನನ್ ಮಾನ ಹೋಗ್ತಿದೆ."

ಬಿಚ್ಚಿದೆನೆಂದುಕೊಂಡ ಗಂಟು ಇನ್ನೊಂದು ಸುತ್ತು ಬಿಗಿದಿತ್ತು. ಗೋಡೆಯ ಪಕ್ಕ ನಿಂತಿದ್ದ ಗಂಡ ನೋಡುತ್ತಿದ್ದ, ಪಾದ್ರಿಗಳು ನೋಡುತ್ತಿದ್ದರು, ಅಂಗಳವೇ ನೋಡುತ್ತಿತ್ತು. ಅಸಿಮೀನಾ ನೆಲ ನೋಡಿದಳು. ತುಟಿಗೆ ಪಟದ ತಣ್ಣನೆಯ ಬೆಳ್ಳಿ ಇನ್ನೂ ತಾಕಿದಂತಿತ್ತು.

ಬಟ್ಟಲು ಕೆಳಗಿಟ್ಟ ಸದ್ದಾಯಿತು. ಹಾಡುಗಾರ ಯಾಕೂಮಿಸ್ ಗಂಟಲು ಸರಿಮಾಡಿಕೊಂಡ. ಹೆಂಡತಿಯತ್ತ ತಿರುಗಿದ.

"ಅವತ್ತು ನಿನ್ನ ಎಡಗಾಲಿನ ಚಪ್ಪಲಿ ಬಾವಿ ಹತ್ರ ಕಿತ್ತೋಯ್ತು," ಎಂದ. "ನೀನು ಕುಣಿಯೋದು ನಿಲ್ಲಿಸ್ಲಿಲ್ಲ. ಚಪ್ಪಲಿ ಕೈಲಿಟ್ಕೊಂಡು ನಿಂತಿದ್ದೋನು ನಾನು."

"ಮತ್ತೆ ಆಣೆ?"

"ಅಂಗಡೀಲಿ ಎಲ್ಲಾರೂ ನಗ್ತಿದ್ರು. ಈ ವಯಸ್ಸಲ್ಲಿ, ಅದೂ ಸ್ವಂತ ಹೆಂಡತಿ ಮೇಲೆ ಬರೆದೆ ಅಂತ ಹೆಂಗ್ ಹೇಳ್ಲಿ?"

"ಗೂಬೆ!" ಎಂದಳು ಕಲಿರೋಯಿ. ಕಣ್ಣೊರೆಸಿಕೊಂಡು, ಒಂದು ಬಟ್ಟಲು ಕಾಫಿ ತುಂಬಿಸಿಕೊಂಡು, ಯಾರ ಮುಖವನ್ನೂ ನೋಡದೆ ಎರಸ್ಮಿಯಾಳ ಮುಚ್ಚಿದ ಬಾಗಿಲಿನತ್ತ ನಡೆದಳು.

ಮಧ್ಯಾಹ್ನ ಗಂಡ ಮನೆ ಬಾಗಿಲಿಗೆ ಬಂದ. ಕಂಬಳಿ ಉಪ್ಪುನೀರು ಕುಡಿದು ಮೀನು ನಾರುತ್ತಿತ್ತು.

"ಈಗ ಎಲ್ಲಾ ಬಯಲಾಯ್ತಲ್ಲ. ಬರೆದೋನು ನಾನಲ್ಲ ಅಂತ ಈಗಲಾದ್ರೂ ನಿನ್ ಬಾಯಲ್ಲಿ ಕೇಳ್ಲಾ?"

ಪಟಕ್ಕಿಟ್ಟ ಮುತ್ತು ಮುತ್ತೇ ಎಂಬಂತೆ ಅಸಿಮೀನಾ ಇಲ್ಲವೆಂದು ತಲೆಯಾಡಿಸಿದಳು.

ಅವನು ಕಂಬಳಿಯನ್ನು ಅವಳ ಕೈಗೆ ಕೊಟ್ಟು ಒಳಗೆ ಹೋದ. ಅವಳು ಅದನ್ನು ಗೋಡೆಯ ಮೇಲೆ ಬಿಸಿಲಿಗೆ ಹರವಿದಳು. ಒಳಗೆ ಫೋನು ಸದ್ದು ಮಾಡಿತು. ಯಾವುದೋ ಫೋಟೋದ ಕೆಳಗೆ ಯಾರೋ ಏನೋ ಬರೆದಿದ್ದರು.