ಎಂಜಲು ಕೈಯವರ ಮುಂದೆ

ಉಣ್ಣುವವರ ಮುಂದೆ ಕೈಚಳಕ ತೋರಿಸುವುದರಲ್ಲಿ ಒಂದು ಅನುಕೂಲವಿದೆ ಎಂಬುದನ್ನು ನಂಜುಂಡನ್ ಕೊಯಮತ್ತೂರಿನ ಪಕ್ಕದ ಸಿಂಗಾನಲ್ಲೂರಿಗೆ ಬಂದ ಮೊದಲ ವಾರದಲ್ಲೇ ಕಂಡುಕೊಂಡಿದ್ದ. ಸಂತೆಯಲ್ಲಾದರೆ ನೋಡುವವರ ಎರಡು ಕೈಯೂ ಬಿಡುವಾಗಿರುತ್ತವೆ. ಯಾವನೋ ಒಬ್ಬ ತಟ್ಟನೆ ಮಣಿಕಟ್ಟು ಹಿಡಿದು, “ಎಲ್ಲಿ, ಮುಷ್ಟಿ ಬಿಚ್ಚು” ಅಂದುಬಿಟ್ಟರೆ ಆಟ ಅಲ್ಲಿಗೆ ಮುಗಿಯಿತು. ಎಲೆಯ ಮುಂದೆ ಕೂತವನು ಹಾಗೆ ಮಾಡಲಾರ. ಅವನ ಬಲಗೈ ಸಾರನ್ನದಲ್ಲಿ ಮುಳುಗಿರುತ್ತದೆ. ಎಂಜಲು ಕೈಯಲ್ಲಿ ಇನ್ನೊಬ್ಬನನ್ನು ಮುಟ್ಟುವವರು ಯಾರೂ ಇಲ್ಲ. ಉಳಿಯುವುದು ಎಡಗೈ ಒಂದೇ. ಅದಕ್ಕೆ ಅಷ್ಟು ಚುರುಕು ಸಾಲದು.

ತಿರುಚಿ ರಸ್ತೆಯಲ್ಲಿ, ಮಿಲ್ಲಿನ ಗೇಟಿಗೆ ಎದುರಾಗಿ ಕುಪ್ಪಸಾಮಿಯ ಊಟದ ಕ್ಲಬ್ಬು ಇತ್ತು. ಕ್ಲಬ್ಬು ಎನ್ನುವುದು ಹೆಸರಿಗೆ. ಒಂದು ಉದ್ದನೆಯ ತಗಡಿನ ಕೊಟ್ಟಿಗೆ, ಎರಡು ಸಾಲು ಚಾಪೆ. ಮಧ್ಯಾಹ್ನ ಮಿಲ್ಲಿನ ಸೈರನ್ನು, ಅಲ್ಲಿಯವರ ಬಾಯಲ್ಲಿ ಸಂಗು, ಊದಿದ ಕೂಡಲೇ ತಲೆಗೂದಲಲ್ಲಿ ಹತ್ತಿಯ ಎಳೆ ಅಂಟಿಕೊಂಡ ಮೂವತ್ತು ಜನ ಒಳನುಗ್ಗಿ ಕೂತುಬಿಡುತ್ತಿದ್ದರು. ಮೊದಲು ಬಡಿಸಿದ ಅನ್ನ ಹೊಟ್ಟೆಗಿಳಿಯುವ ತನಕ ಅವರೆದುರು ದೇವರೇ ಬಂದು ನಿಂತರೂ ಕತ್ತೆತ್ತುವವರಲ್ಲ. ಹುರುಳಿ ಸಾರು ಮುಗಿದು ಮಜ್ಜಿಗೆ ಬರುವ ನಡುವೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಅದು ನಂಜುಂಡನ್‌ನ ಹೊತ್ತು. ಎಣ್ಣೆ ತಾಗಿದ ಕಾಸು ಬೆರಳ ಸಂದಿಯಲ್ಲಿ ನಿಲ್ಲುವುದಿಲ್ಲವೆಂದು ಸೊಂಟದ ಚೀಲದಿಂದ ವಿಭೂತಿ ತೆಗೆದು ಬೆರಳಿಗೆ ತಿಕ್ಕಿಕೊಂಡು, ಎಲೆಗಳ ಮೇಲೆ ಕಾಲಿನ ದೂಳು ಬೀಳದ ಹಾಗೆ ಸಾಲಿನ ನಡುವೆ ಹೆಜ್ಜೆ ಇಡುತ್ತಿದ್ದ. ಒಡೆದ ಹಪ್ಪಳವನ್ನು ಇಡಿಯಾಗಿಸುತ್ತಿದ್ದ. ಬೋರಲು ಹಾಕಿದ ಲೋಟದ ಕೆಳಗೆ ನಿಂಬೆಹಣ್ಣು ಹುಟ್ಟಿಸುತ್ತಿದ್ದ. ಕೊನೆಗೆ ಜೇಬಿನ ಆಟ. ಯಾರದಾದರೂ ಅಂಗಿಯ ಜೇಬಿಗೆ ಎರಡು ಬೆರಳು ಇಳಿಸಿ ಬೀಡಿ, ಬಾಚಣಿಗೆ, ಅಡಿಕೆ ಎಲ್ಲ ಒಂದೊಂದಾಗಿ ಹೊರಗೆ ತೆಗೆದು, ಕಟ್ಟಕಡೆಗೆ ಒಂದು ಹಸಿ ಕೋಳಿಮೊಟ್ಟೆಯನ್ನೂ ತೆಗೆದು ಕೂಗುತ್ತಿದ್ದ: “ನಾನು ಇಟ್ಟದ್ದು ಒಂದೂ ಇಲ್ಲ ಸಾಮಿ, ಎಲ್ಲಾ ನಿಮ್ಮದೇ!” ಮೊಟ್ಟೆ ಅವನೇ ಇಟ್ಟದ್ದೆಂದು ಎಲ್ಲರಿಗೂ ಗೊತ್ತು. ಆದರೂ ನಕ್ಕು ನಕ್ಕು ನೆತ್ತಿ ಹತ್ತಿಸಿಕೊಳ್ಳುತ್ತಿದ್ದರು.

ಅವನನ್ನು ಅಲ್ಲಿಗೆ ಸೇರಿಸಿದವನು ಲಿಂಗಪ್ಪನ್. ಮಿಲ್ಲಿನಲ್ಲಿ ನೂಲುವ ಖಾತೆಯವನು, ನಂಜುಂಡನ್‌ಗಿಂತ ಹತ್ತು ವರ್ಷ ದೊಡ್ಡವನು. ಇಬ್ಬರ ಮನೆಯಲ್ಲೂ ಕನ್ನಡವಾದ್ದರಿಂದ, ಅಷ್ಟೂ ತಮಿಳಿನ ಗಲಾಟೆಯ ನಡುವೆ ಒಂದು ಮಾತು ಆಡಿಕೊಳ್ಳಲು ಆಸರೆಯಾಗಿದ್ದವನು. ಮಗ್ಗದ ಮನೆಯಲ್ಲಿ ಹುಟ್ಟಿ ಮಗ್ಗ ಬಿಟ್ಟು ಬಂದ ಈ ಹುಡುಗಾಟದವನಿಗೆ ಎರಡು ಹೊತ್ತು ಊಟ, ಮಲಗಲು ಜಾಗ ಕೊಡಬೇಕೆಂದು ಕುಪ್ಪಸಾಮಿಯ ಹತ್ತಿರ ಹಟ ಹಿಡಿದು ಕೊಡಿಸಿದ್ದ. ದಿನವೂ ಸಾಲಿನ ಕೊನೆಯಲ್ಲಿ ಕೂತು, ಬೇರೆ ಯಾರೂ ಒಪ್ಪದ ದಿನ ಎದೆಯನ್ನು ಮುಂದೆ ಮಾಡಿ, “ಬಾಪ್ಪಾ, ನನ್ನ ಜೇಬಿದೆ” ಎನ್ನುತ್ತಿದ್ದ.

ಆ ಗುರುವಾರ ಮಿಲ್ಲಿನ ಮೇಸ್ತ್ರಿ ತಿರುಮಲೈಸಾಮಿ ಕ್ಲಬ್ಬಿಗೆ ಬಂದರು. ಹೆಂಡತಿ ತೌರಿಗೆ ಹೋಗಿದ್ದರಂತೆ, ಮನೆಯ ಬುತ್ತಿ ಬಂದಿರಲಿಲ್ಲ. ಕುಪ್ಪಸಾಮಿ ಓಡಿಹೋಗಿ ಮಣೆ ಹಾಕಿದ. ಎರಡು ಸಾಲಿನಲ್ಲೂ ಮಾತು ಸಣ್ಣದಾಯಿತು. ಆಯುಧಪೂಜೆಗೆ ಇನ್ನು ಇಪ್ಪತ್ತು ದಿನವಿತ್ತು. ಪೂಜೆಯ ದಿನ ಮಿಲ್ಲಿನ ಅಂಗಳದಲ್ಲಿ, ಧಣಿಗಳ ಎದುರು, ಆಟ ತೋರಿಸುವವರನ್ನು ಗೊತ್ತುಮಾಡುವವರು ಇದೇ ಮೇಸ್ತ್ರಿ ಎಂದು ನಂಜುಂಡನ್ ಕೇಳಿದ್ದ. ಇಡೀ ಬೇಸಿಗೆ ಅದನ್ನೇ ಯೋಚಿಸಿದ್ದ. ಅಲ್ಲಿ ಒಂದು ಸಲ ಗೆದ್ದರೆ ಕೊಯಮತ್ತೂರಿನ ಮದುವೆ ಮನೆಗಳು, ಬಂಗಲೆಗಳು. ಮತ್ತೆ ಎಲೆಗಳ ನಡುವೆ ಕಾಲಿಡಲು ಜಾಗ ಹುಡುಕುತ್ತ ನಡೆಯಬೇಕಾಗಿಲ್ಲ.

ಹಪ್ಪಳ ಇಡಿಯಾಯಿತು. ಮೇಸ್ತ್ರಿ ಅನ್ನ ಕಲಸುತ್ತಲೇ ಇದ್ದರು. ನಿಂಬೆಹಣ್ಣು ಹುಟ್ಟಿತು. “ಸೂಲೂರು ಸಂತೆಯಲ್ಲಿ ಒಬ್ಬ ಇದನ್ನೇ ಮಾಡ್ತಾನೆ. ಅವನಿಗೆ ಒಂದು ಕಣ್ಣಿಲ್ಲ, ಪಾಪ” ಎಂದರು. ಯಾರೋ ಕಿಸಕ್ಕೆಂದರು. ನಂಜುಂಡನ್‌ಗೆ ಕಿವಿ ಬಿಸಿಯಾಯಿತು. ಜೇಬಿನ ಆಟ ಒಂದೇ ಉಳಿದಿತ್ತು. ಯಾರ ಜೇಬೆಂದು ಯೋಚಿಸಲೂ ಇಲ್ಲ. ಕಾಲು ತಾನಾಗಿ ಲಿಂಗಪ್ಪನ್‌ನ ಕಡೆಗೆ ಹೋಯಿತು.

ಲಿಂಗಪ್ಪನ್ ಆ ದಿನ ಎದೆಯನ್ನು ಮುಂದೆ ಮಾಡಲಿಲ್ಲ. ನಂಜುಂಡನ್ ಬಗ್ಗುತ್ತಿದ್ದ ಹಾಗೆ ಅವನ ಎಡಗೈ ಮೇಲಕ್ಕೆ ಬಂದು ಜೇಬಿನ ಮೇಲೆ ಕೂತಿತು. ಬಲಗೈ ಮೊಣಕೈವರೆಗೆ ಸಾರು ಇಳಿಸಿಕೊಂಡು ಎಲೆಯ ಮೇಲೆ ಹಾಗೇ ನಿಂತಿತ್ತು.

“ಅಡೇಯ್, ಬಿಡಬೇಡ! ಹೆಂಡತಿ ಕಾಗದ ಇದೆ ಒಳಗೆ!” ಎಂದು ಒಬ್ಬ ಕೂಗಿದ.

“ಯಾರ ಹೆಂಡತೀದು, ಅದನ್ನ ಕೇಳು!” ಎಂದ ಇನ್ನೊಬ್ಬ.

ಕೊಟ್ಟಿಗೆ ನಗೆಯಿಂದ ತುಂಬಿತು. ಮೇಸ್ತ್ರಿ ಮೊದಲ ಸಲ ತಲೆಯೆತ್ತಿ ಈ ಕಡೆ ನೋಡಿದರು. ನಂಜುಂಡನ್ ಲಿಂಗಪ್ಪನ್‌ನ ಕಿರುಬೆರಳನ್ನು ಮೆಲ್ಲಗೆ ಎತ್ತಿ, ಅದರ ಕೆಳಗಿನಿಂದ ತನ್ನ ಎರಡು ಬೆರಳು ತೂರಿಸಿ, ನಾಲ್ಕು ಮಡಿಕೆಯ ಒಂದು ಹಾಳೆಯನ್ನು ಎಳೆದು, ಗಾಳಿಯಲ್ಲಿ ಒದರಿ ಬಿಡಿಸಿದ. ಮೇಸ್ತ್ರಿ ಎಡಗೈ ಚಾಚಿ, “ಕೊಡು ಇಲ್ಲಿ” ಎಂದರು.

ಅವನು ಕೊಟ್ಟ. ಕಾಸು, ನಿಂಬೆಹಣ್ಣು, ಮೊಟ್ಟೆ, ಏನೆಲ್ಲವನ್ನೋ ಕಣ್ಣೆದುರೇ ಮಾಯ ಮಾಡಿದ್ದ ಕೈ ಆ ಒಂದು ಹಾಳೆಯನ್ನು ಒಯ್ದು ನೆಟ್ಟಗೆ ಕೊಟ್ಟುಬಿಟ್ಟಿತು.

ಮೇಸ್ತ್ರಿ ಓದಿದರು. ತನ್ನನ್ನು ಕೂಲಿಗಾರರ ಸಂಘಕ್ಕೆ ಸೇರಿಸಿಕೊಳ್ಳಬೇಕೆಂದು ಬರೆದ ಅರ್ಜಿ ಅದು. ಕೆಳಗೆ ಲಿಂಗಪ್ಪನ್‌ನ ಸಹಿ. ಸಂಘದ ಹೆಸರೆತ್ತಿದವರಿಗೆ ಮಿಲ್ಲಿನಲ್ಲಿ ಏನಾಗುತ್ತದೆಂದು ಅಲ್ಲಿ ಕೂತ ಮೂವತ್ತು ಜನಕ್ಕೂ ತಿಳಿದಿತ್ತು. ಮಜ್ಜಿಗೆ ಹೊತ್ತು ಬಂದ ಕುಪ್ಪಸಾಮಿ ಪಾತ್ರೆ ಹಿಡಿದು ನಿಂತೇಬಿಟ್ಟ.

“ಇದು ನೀನು ಇಟ್ಟದ್ದಾ, ಅವನ ಜೇಬಿನಲ್ಲಿ ಇದ್ದದ್ದಾ?” ಮೇಸ್ತ್ರಿ ಕೇಳಿದರು.

“ನಾನು ಇಟ್ಟದ್ದು ಒಂದೂ ಇಲ್ಲ ಸಾಮಿ, ಎಲ್ಲಾ ಅವರದೇ.”

ಮಾತು ಬಾಯಿಯಿಂದ ಹೊರಟ ಮೇಲೆ ಅವನಿಗೆ ಕೇಳಿಸಿತು. ಆಟದ ಕೊನೆಯಲ್ಲಿ ದಿನಾ ಹೇಳುವ ಮಾತು, ಅದೇ ರಾಗ. ‘ಹೌದು, ನಾನೇ ಇಟ್ಟದ್ದು’ ಎಂದಿದ್ದರೆ ನಂಬದವರು ಯಾರಿದ್ದರು? ಇಡುವುದೇ ಅವನ ಕಸುಬು. ಇಡೀ ಲೋಕದಲ್ಲಿ ಆ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದಾಗಿದ್ದವನು ಅವನೊಬ್ಬನೇ. ಮೇಸ್ತ್ರಿ ಹಾಳೆಯನ್ನು ಮಡಿಚಿ ತಮ್ಮ ಜೇಬಿಗೆ ಹಾಕಿಕೊಂಡು ಮಜ್ಜಿಗೆ ಬಡಿಸಲು ಹೇಳಿದರು. ಲಿಂಗಪ್ಪನ್ ಎಲೆ ಮಡಿಚಿ ಎದ್ದ. ಮಜ್ಜಿಗೆ ಹಾಕಿಸಿಕೊಳ್ಳಲಿಲ್ಲ.

ಮರುದಿನ ಅವನನ್ನು ಗೇಟಿನೊಳಗೆ ಬಿಡಲಿಲ್ಲ.

ಭಾನುವಾರದ ತನಕ ನಂಜುಂಡನ್ ಮನಸ್ಸಿನಲ್ಲೇ ಮಾತು ಜೋಡಿಸಿದ. ಭಾನುವಾರ ಬೆಳಿಗ್ಗೆ ಮೇಸ್ತ್ರಿಯ ಮನೆಗೆ ಹೋಗಿ ಜಗಲಿಯ ಕೆಳಗೆ ನಿಂತು, ಆ ಕಾಗದ ತಾನೇ ಬರೆದದ್ದು, ತಮಾಷೆಗೆ ಇಟ್ಟದ್ದು, ಲಿಂಗಪ್ಪನ್ ಏನೂ ಅರಿಯದವನು ಎಂದ.

“ಸಹಿ?”

“ಅದೂ ನಾನೇ ಐಯಾ.”

ಮೇಸ್ತ್ರಿ ಒಳಗಿನಿಂದ ಪೆನ್ಸಿಲ್ಲು, ಕಾಗದ ತಂದು ಮುಂದಿಟ್ಟರು. “ಹಾಕಿ ತೋರಿಸು.”

ನಂಜುಂಡನ್ ಕಲ್ಲಿನ ಮೇಲೆ ಕಾಗದ ಇಟ್ಟು ಬರೆದ. ರಾತ್ರಿ ಶಾಲೆಯಲ್ಲಿ ಕಲಿತ ಅವನ ಅಕ್ಷರ ಗುಂಡುಗುಂಡಾಗಿ, ಒಂದಕ್ಕೊಂದು ತಾಗದೆ ಸಾಲಾಗಿ ಕೂತಿತು. ಮೇಸ್ತ್ರಿ ಅದನ್ನು ನೋಡಿ, ಅವನ ಮುಖ ನೋಡಿ, ಹೊಟ್ಟೆ ಕುಲುಕುವ ಹಾಗೆ ನಕ್ಕರು. ಗುರುವಾರ ಅವನು ಏನು ಮಾಡಿದರೂ ಬಾರದ ನಗೆ.

“ಇದು ನಿನ್ನ ಆಟಗಳಲ್ಲೆಲ್ಲ ಚೆನ್ನಾಗಿದೆ. ಆಯುಧಪೂಜೆಗೆ ಬಂದುಬಿಡು” ಎಂದರು.

“ಆಗಲಿ ಐಯಾ” ಎಂದ ನಂಜುಂಡನ್. ಬೀದಿಗೆ ಬಂದ ಮೇಲೆ, ಯಾಕೆ ಹಾಗೆಂದೆ ಎಂದು ತನ್ನನ್ನೇ ಕೇಳಿಕೊಂಡ. ಮುಂದೆ ಪೂಜೆಯ ದಿನ ಮೈ ಸರಿಯಿಲ್ಲವೆಂದು ಹೇಳಿಕಳಿಸಿದ್ದು ನಿಜ. ಆದರೆ ಒಲ್ಲೆನೆಂದು ಅಂದಿರಲಿಲ್ಲವಲ್ಲ, ಆ ಲೆಕ್ಕ ಬೇರೆ.

ಆ ಭಾನುವಾರ ಮೇಸ್ತ್ರಿಯ ಮನೆಯಿಂದ ನೇರ ಲಿಂಗಪ್ಪನ್‌ನ ಮನೆಗೆ ಹೋದ. ಪಾತ್ರೆಗಳನ್ನೆಲ್ಲ ಗೋಣಿಯಲ್ಲಿ ಕಟ್ಟುತ್ತಿದ್ದರು. ತಿರುಪ್ಪೂರಿನ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯಲ್ಲಿ ಭಾವಮೈದ ಇದ್ದ. ಅಲ್ಲಿ ಕೂಲಿ ಕಡಿಮೆ, ಆದರೂ ಕೆಲಸ ಉಂಟು ಎಂದಿದ್ದನಂತೆ. ಲಿಂಗಪ್ಪನ್ ಮುಖ ಸಿಂಡರಿಸಲಿಲ್ಲ. “ಬಾಪ್ಪಾ ನಂಜುಂಡಾ, ಕೂತ್ಕೋ. ಚಾಪೆ ಕಟ್ಟಿಬಿಟ್ವು, ನೆಲದ ಮೇಲೇ ಕೂತ್ಕೋ” ಎಂದ.

ಅವನ ಹೆಂಡತಿ ಸಾಮಿಯಾತಾಳ್ ಹಗ್ಗದ ಗಂಟು ಬಿಗಿಯುತ್ತ ತಲೆಯೆತ್ತದೆ ಕೇಳಿದಳು: “ಒಂದು ಕೇಳ್ತೀನಿ, ನಿಜ ಹೇಳ್ಬೇಕು. ಇವ್ರು ಜೇಬಿನ್ ಮೇಲೆ ಕೈ ಇಟ್ಕೊಂಡ್ರಂತಲ್ಲ. ಬೇಡಾಂತ ಇಟ್ಟದ್ದು ನಿಂಗೆ ತಿಳೀಲಿಲ್ವಾ?”

“ಏಯ್, ಸುಮ್ನಿರು” ಎಂದ ಲಿಂಗಪ್ಪನ್. “ಅವನ್ಗೆ ಹೆಂಗೆ ತಿಳಿಯತ್ತೆ? ಅಷ್ಟು ಜನ ನಗಾಡ್ತಾ ಇದ್ರು. ನಾನೂ ಆಟಕ್ಕೆ ಹಿಡ್ಕೊಂಡೆ ಅಂದ್ಕೊಂಡ, ಪಾಪ. ಆ ಕಾಗದಾನ ಜೇಬಲ್ಲಿ ಇಟ್ಕೊಂಡು ಕ್ಲಬ್ಬಿಗೆ ಹೋದ ನಾನಲ್ವಾ ಹುಚ್ಚ, ಪೈತ್ಯಕಾರ?”

“ನಾನು ಕೇಳಿದ್ದು ಅವನ್ನ.”

ನಂಜುಂಡನ್ ಅವಳ ಕೈ ನೋಡುತ್ತಿದ್ದ. ಹದಿನಾಲ್ಕು ವರ್ಷದಿಂದ ಅವನು ಕಲಿತದ್ದೆಲ್ಲ ಇನ್ನೊಬ್ಬರ ಕೈಯನ್ನು ತಿಳಿಯುವುದೇ. ತಮಾಷೆಗೆ ಮುಚ್ಚಿದ ಬೆರಳು ಸಡಿಲವಾಗಿರುತ್ತದೆ, ತುದಿ ಬೆಚ್ಚಗಿರುತ್ತದೆ. ತೆಗೆಯಲಿ ಎಂದೇ ಕಾದಿರುತ್ತದೆ. ಆ ದಿನ ಲಿಂಗಪ್ಪನ್‌ನ ಕಿರುಬೆರಳು ಕಡ್ಡಿಯಂತೆ ಸೆಟೆದಿತ್ತು, ತಣ್ಣಗಿತ್ತು. ಅದನ್ನು ಎತ್ತುವಾಗ ಬೇಡವೆನ್ನುತ್ತಿದ್ದಾನೆ ಎಂದು ಅವನಿಗೆ ಗೊತ್ತಾಗಿತ್ತು. ಮೇಸ್ತ್ರಿ ತಲೆಯೆತ್ತಿದ್ದೂ ಗೊತ್ತಾಗಿತ್ತು. ಎರಡೂ ಒಂದೇ ಗಳಿಗೆಯಲ್ಲಿ. ಅವನು ಬೆರಳನ್ನು ಎತ್ತಿದ್ದ.

ಇದನ್ನು ಹೇಳಲೆಂದೇ ಅವನು ಬಂದದ್ದು.

“ತಿಳೀಲಿಲ್ಲೆ ಅತ್ತಿಗೆ” ಎಂದ.

ಸಾಮಿಯಾತಾಳ್ ಆಗ ತಲೆಯೆತ್ತಿ ಅವನನ್ನು ನೋಡಿದಳು. “ಸರಿ” ಎಂದು ಮತ್ತೊಂದು ಗೋಣಿಯನ್ನು ಹತ್ತಿರ ಎಳೆದುಕೊಂಡಳು.

ಲಿಂಗಪ್ಪನ್ ಬೀದಿಯ ತಿರುವಿನವರೆಗೆ ಜೊತೆಗೆ ಬಂದ. ದಾರಿಯುದ್ದಕ್ಕೂ ಸಮಾಧಾನ ಹೇಳಿದವನು ಅವನೇ. ಮಿಲ್ಲು ಒಂದೇ ಅಲ್ಲ ಜೀವನ, ಹೆಂಡತಿಗೂ ತಮ್ಮನ ಹತ್ತಿರ ಇರುವ ಆಸೆ ಇತ್ತು, ಇದೇ ನೆಪವಾಯಿತು ಎಂದ. “ಮನಸ್ಸಿಗೆ ಹಚ್ಕೋಬೇಡ. ನಿನ್ ಮೇಲೆ ನಂಗೆ ಒಂದೂ ಇಲ್ಲೆ.”

“ಅಣ್ಣಾ” ಎಂದ ನಂಜುಂಡನ್.

“ಏನು?”

ಹಿಂದಿನಿಂದ ಹತ್ತಿಯ ಗಾಡಿ ಬಂತು. ಇಬ್ಬರೂ ಬೇಲಿಯ ಕಡೆಗೆ ಸರಿದು ನಿಂತರು. ಗಾಡಿ ಸಾವಕಾಶವಾಗಿ ದಾಟಿಹೋಯಿತು. ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

“ಹುಷಾರಾಗಿ ಹೋಗ್ಬನ್ನಿ ಅಂತ.”

“ತಿರುಪ್ಪೂರಿಗೆ ಬಂದ್ರೆ ಮನೆಗೆ ಬರ್ದೆ ಹೋಗ್ಬೇಡ” ಎಂದು ಲಿಂಗಪ್ಪನ್ ಅವನ ಭುಜ ತಟ್ಟಿ ಹಿಂತಿರುಗಿದ.

ಮುಂದೆ ನಂಜುಂಡನ್ ತಿರುಪ್ಪೂರಿಗೆ ಎಷ್ಟೋ ಸಲ ಹೋದ. ಸೋಮವಾರದ ಸಂತೆ, ಅವಿನಾಶಿಯ ಕಡೆಯ ಮದುವೆಗಳು, ಯಾವುದಕ್ಕೆ ಹೋದರೂ ಆ ದಾರಿಯೇ. ಒಂದು ಸಲ ಕೇಳಿಕೊಂಡು ಕಾರ್ಖಾನೆಯ ಹಿಂದಿನ ಬೀದಿಯವರೆಗೂ ನಡೆದ. ಮೂರನೆಯ ಮನೆ ಎಂದು ಒಬ್ಬಳು ಮುದುಕಿ ಕೈ ತೋರಿಸಿದಳು. ಬಾಗಿಲು ತೆರೆದಿತ್ತು, ಒಳಗೆ ಯಾರೋ ಕನ್ನಡದಲ್ಲಿ ಮಾತಾಡುತ್ತಿದ್ದರು. ಅವನು ಸ್ವಲ್ಪ ಹೊತ್ತು ಕೇಳುತ್ತ ನಿಂತಿದ್ದು, ಮುದುಕಿ ಮತ್ತೆ ತನ್ನ ಕಡೆ ನೋಡುವುದರೊಳಗೆ ಬಂದ ದಾರಿ ಹಿಡಿದ.